ದಾಸ್ತಾನು ಇಟ್ಟು ಮಾರುವುದೋ, ಇಡದೆ ಮಾರುವುದೋ? ಅಂತರ್ಜಾಲ ಮಳಿಗೆಯ ಮೊದಲ ಲೆಕ್ಕ

ಬೆಂಗಳೂರು: ಅಂತರ್ಜಾಲದಲ್ಲಿ ಮಳಿಗೆ ತೆರೆಯುವುದು ಈಗ ಕಷ್ಟದ ಕೆಲಸವೇನಲ್ಲ. ಕಟ್ಟಡದ ಮುಂಗಡ ಬೇಡ, ನಾಮಫಲಕವೂ ಬೇಡ. ಆದರೆ ಮಳಿಗೆಗೆ ಹೆಸರಿಡುವ ಮೊದಲೇ ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಸರಕನ್ನು ಮುಂಚಿತವಾಗಿ ಕೊಂಡು ದಾಸ್ತಾನು ಇಟ್ಟುಕೊಳ್ಳಬೇಕೆ? ಅಥವಾ ಆರ್ಡರ್ ಬಂದ ಮೇಲೆ ಸಗಟು ವ್ಯಾಪಾರಿಯ ಗೋದಾಮಿನಿಂದಲೇ ನೇರವಾಗಿ ಗ್ರಾಹಕನ ಮನೆಗೆ ಕಳುಹಿಸಬೇಕೆ?

ಈ ಎರಡನೆಯ ವಿಧಾನವೇ ‘ಡ್ರಾಪ್‌ಶಿಪ್ಪಿಂಗ್’. ‘ಬಂಡವಾಳವಿಲ್ಲದ ವ್ಯಾಪಾರ’ ಎಂಬ ಪ್ರಚಾರ ಇದಕ್ಕೆ ದೊರೆತಿದೆ. ಉಳಿತಾಯದ ಅಲ್ಪ ಹಣದಲ್ಲಿ ವ್ಯಾಪಾರಕ್ಕಿಳಿಯುವವರನ್ನು ಈ ಮಾತು ಸಹಜವಾಗಿಯೇ ಸೆಳೆಯುತ್ತದೆ. ಆದರೆ ಸರಕಿಗೆ ಬಂಡವಾಳ ಬೇಡವೆಂದ ಮಾತ್ರಕ್ಕೆ ನಷ್ಟವೂ ಇಲ್ಲವೆಂದು ಅರ್ಥವಲ್ಲ.

ಕಾಗದದ ಮೇಲಿನ ಲೆಕ್ಕ

ಒಂದು ಉದಾಹರಣೆ ನೋಡೋಣ. ಇಲ್ಲಿನ ಅಂಕಿಗಳು ತಿಳಿವಳಿಕೆಗಾಗಿ ಮಾತ್ರ, ತೆರಿಗೆಯನ್ನು ಸೇರಿಸಿಲ್ಲ. ಮಳಿಗೆಯೊಂದು ಹೊದಿಕೆಯನ್ನು 700 ರೂಪಾಯಿಗೆ ಮಾರುತ್ತದೆ. ಒಟ್ಟಿಗೆ 100 ಹೊದಿಕೆ ಕೊಂಡರೆ ತಲಾ 300 ರೂ. ಬೀಳುತ್ತದೆ. ಡ್ರಾಪ್‌ಶಿಪ್ಪಿಂಗ್ ಸರಬರಾಜುದಾರ ಒಂದೊಂದನ್ನೇ ಕಳುಹಿಸುವುದರಿಂದ 420 ರೂ. ಕೇಳುತ್ತಾನೆ. ಎರಡೂ ವಿಧಾನದಲ್ಲಿ ಪ್ಯಾಕಿಂಗ್ ಮತ್ತು ಕೊರಿಯರ್‌ಗೆ 100 ರೂ., ಜಾಹೀರಾತಿಗೆ 100 ರೂ. ಖರ್ಚು. ಹೀಗೆ ದಾಸ್ತಾನು ಇಟ್ಟವನಿಗೆ ಪ್ರತಿ ಹೊದಿಕೆಗೆ 200 ರೂ. ಉಳಿದರೆ, ಇಡದವನಿಗೆ 80 ರೂ. ಉಳಿಯುತ್ತದೆ.

ನೂರಕ್ಕೆ ನೂರೂ ಮಾರಾಟವಾದರೆ ಮೊದಲನೆಯವನ ಲಾಭ 20,000 ರೂ., ಎರಡನೆಯವನದು 8,000 ರೂ. ಆದರೆ 40 ಹೊದಿಕೆಗಳಿಗೆ ಮಾತ್ರ ಗಿರಾಕಿ ಸಿಕ್ಕರೆ ಚಿತ್ರ ತಿರುವುಮುರುವಾಗುತ್ತದೆ. ದಾಸ್ತಾನು ಇಟ್ಟವನ ಕೈಯಿಂದ 10,000 ರೂ. ಹೋಗಿರುತ್ತದೆ, ಮನೆಯಲ್ಲಿ 60 ಹೊದಿಕೆಗಳು ಉಳಿದಿರುತ್ತವೆ. ಡ್ರಾಪ್‌ಶಿಪ್ಪಿಂಗ್ ಮಾಡಿದವನಿಗೆ ಅಷ್ಟೇ ಮಾರಾಟದಲ್ಲಿ 3,200 ರೂ. ಲಾಭವಿರುತ್ತದೆ. ಯಾವ ಸರಕು ಓಡುತ್ತದೆಂದು ತಿಳಿಯದ ದಿನಗಳಲ್ಲಿ ಈ ವಿಧಾನದ ನಿಜವಾದ ಅನುಕೂಲ ಇದೇ.

ಹಿಂದಿರುಗುವ ಪೊಟ್ಟಣ

ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ಮನೆಬಾಗಿಲಲ್ಲಿ ಹಣ ಪಡೆಯುವ ‘ಕ್ಯಾಶ್ ಆನ್ ಡೆಲಿವರಿ’ ಪದ್ಧತಿಯಲ್ಲಿ ಗ್ರಾಹಕ ಪೊಟ್ಟಣ ಸ್ವೀಕರಿಸದೆ ವಾಪಸು ಕಳುಹಿಸುವುದು ಸಾಮಾನ್ಯ. 100 ಆರ್ಡರ್‌ಗಳಲ್ಲಿ 20 ಹೀಗೆ ಹಿಂದಿರುಗಿದವು ಎಂದಿಟ್ಟುಕೊಳ್ಳೋಣ. ಹೋಗುವ ಕೊರಿಯರ್, ಬರುವ ಕೊರಿಯರ್, ಜಾಹೀರಾತು ಸೇರಿ ಪ್ರತಿಯೊಂದಕ್ಕೂ 300 ರೂ.ನಂತೆ 6,000 ರೂ. ವ್ಯರ್ಥ. ದಾಸ್ತಾನು ಇಟ್ಟವನ ಲಾಭ 10,000 ರೂ.ಗೆ ಇಳಿಯುತ್ತದೆ; ಹಿಂದಿರುಗಿದ ಹೊದಿಕೆಗಳನ್ನು ಅವನು ಮತ್ತೆ ಮಾರಬಹುದು. ಡ್ರಾಪ್‌ಶಿಪ್ಪಿಂಗ್ ಮಾಡಿದವನಿಗೆ ಉಳಿಯುವುದು ಕೇವಲ 400 ರೂ. ಸರಬರಾಜುದಾರ ಆ ಸರಕನ್ನು ವಾಪಸು ಪಡೆಯಲು ಒಪ್ಪದಿದ್ದರೆ ಇನ್ನೂ 8,400 ರೂ. ಹೊರೆ ಬಿದ್ದು, ವ್ಯಾಪಾರ 8,000 ರೂ. ನಷ್ಟಕ್ಕೆ ಜಾರುತ್ತದೆ.

ಆದ್ದರಿಂದ ‘ಬೆಲೆ ಎಷ್ಟು?’ ಎಂದು ಕೇಳುವ ಮುನ್ನ ‘ಹಿಂದಿರುಗಿದ ಮಾಲು ಯಾರದು?’ ಎಂದು ಸರಬರಾಜುದಾರನನ್ನು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯುವುದು ಜಾಣತನ.

ಕಾನೂನಿನ ಕಣ್ಣಲ್ಲಿ ಹೊಣೆ ಯಾರದು?

ಪೊಟ್ಟಣವನ್ನು ಕಣ್ಣಿನಿಂದಲೂ ನೋಡದ ಮಳಿಗೆದಾರನೂ ಕಾನೂನಿನ ದೃಷ್ಟಿಯಲ್ಲಿ ಮಾರಾಟಗಾರನೇ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ, ದೋಷವಿರುವ ಅಥವಾ ವಿವರಣೆಗೆ ಹೊಂದದ ಸರಕನ್ನು ಹಿಂಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ ನೀಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ‘ತಪ್ಪು ಸರಬರಾಜುದಾರನದು’ ಎಂಬ ಸಮಜಾಯಿಷಿ ಗ್ರಾಹಕನ ಮುಂದೆ ನಡೆಯದು.

ತೆರಿಗೆಯ ವಿಷಯವೂ ಅಷ್ಟೇ. ಡ್ರಾಪ್‌ಶಿಪ್ಪಿಂಗ್‌ನಲ್ಲಿ ಸರಕು ಸಾಗುವುದು ಒಮ್ಮೆಯಾದರೂ ಮಾರಾಟ ನಡೆಯುವುದು ಎರಡು ಬಾರಿ: ಸರಬರಾಜುದಾರನಿಂದ ಮಳಿಗೆಗೆ, ಮಳಿಗೆಯಿಂದ ಗ್ರಾಹಕನಿಗೆ. ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಸರಬರಾಜುದಾರನಿಗೆ ತೆತ್ತ ತೆರಿಗೆಯನ್ನು ಮರಳಿ ಹೊಂದಿಸಿಕೊಳ್ಳಲಾಗದು. ಅದು ಖರ್ಚಿನ ಬಾಬತ್ತಿಗೆ ಸೇರುತ್ತದೆ. ಕರ್ನಾಟಕದಲ್ಲಿ ಸರಕು ವ್ಯಾಪಾರಿಗಳಿಗೆ ವಾರ್ಷಿಕ 40 ಲಕ್ಷ ರೂ. ವಹಿವಾಟಿನವರೆಗೆ ವಿನಾಯಿತಿ ಇದೆಯಾದರೂ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟರೆ ಹೊರರಾಜ್ಯಕ್ಕೆ ಮಾರುವವರಿಗೆ ನೋಂದಣಿ ಕಡ್ಡಾಯ.

ಚೀನಾದಿಂದ ನೇರವಾಗಿ ಗ್ರಾಹಕನಿಗೆ ತರಿಸುವ ದಾರಿಯೂ ಕಿರಿದಾಗಿದೆ. ‘ಉಡುಗೊರೆ’ಯ ಹೆಸರಿನಲ್ಲಿ ಸುಂಕವಿಲ್ಲದೆ ಸರಕು ತರಿಸುವುದಕ್ಕೆ 2019ರ ಡಿಸೆಂಬರ್‌ನಲ್ಲಿ ತಡೆ ಬಿತ್ತು. ಡ್ರಾಪ್‌ಶಿಪ್ಪಿಂಗ್‌ಗೆ ಹೆಸರಾದ ಅಲಿಎಕ್ಸ್‌ಪ್ರೆಸ್ ಆ್ಯಪ್ ಅನ್ನು ಕೇಂದ್ರ ಸರ್ಕಾರ 2020ರ ನವೆಂಬರ್‌ನಲ್ಲಿ ನಿರ್ಬಂಧಿಸಿತು.

ದೊಡ್ಡವರು ನಡೆದ ದಾರಿ

ಹಾಗಾದರೆ ಹೊಸಬರಿಗೆ ದಾರಿ ಯಾವುದು? ಇಂದು ದೈತ್ಯರೆನಿಸಿರುವ ಸಂಸ್ಥೆಗಳ ಆರಂಭದ ದಿನಗಳು ಇದಕ್ಕೆ ಸುಳಿವು ನೀಡುತ್ತವೆ. 2007ರಲ್ಲಿ ಬೆಂಗಳೂರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಫ್ಲಿಪ್‌ಕಾರ್ಟ್ ಆರಂಭಿಸಿದಾಗ ಮಾರುತ್ತಿದ್ದುದು ಪುಸ್ತಕಗಳನ್ನು. ಅವರ ಬಳಿ ಪುಸ್ತಕದ ರಾಶಿ ಇರಲಿಲ್ಲ. ಆರ್ಡರ್ ಬಂದ ಮೇಲೆ ವಿತರಕರಿಂದ ಕೊಂಡು, ತಾವೇ ಕಟ್ಟಿ ಕಳುಹಿಸುತ್ತಿದ್ದರು. 1995ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಅಮೆಜಾನ್ ಮಾಡಿದ್ದೂ ಬಹುಮಟ್ಟಿಗೆ ಇದನ್ನೇ. ದೊಡ್ಡ ಗೋದಾಮುಗಳು ಬಂದದ್ದು ಬೇಡಿಕೆ ಖಚಿತವಾದ ನಂತರ.

ಅಮೆರಿಕದ ಪಾದರಕ್ಷೆ ಮಳಿಗೆ ಝ್ಯಾಪೋಸ್‌ನ ಅನುಭವ ಇನ್ನೂ ಬೋಧಪ್ರದ. 1999ರಲ್ಲಿ ಅದು ಆರಂಭವಾದದ್ದು ಡ್ರಾಪ್‌ಶಿಪ್ಪಿಂಗ್ ವಿಧಾನದಲ್ಲಿ. ತಯಾರಕರ ಬಳಿ ಮಾಲು ಇದೆಯೋ ಇಲ್ಲವೋ ಎಂಬುದು ಖಚಿತವಾಗಿ ತಿಳಿಯದೆ ಗ್ರಾಹಕರಿಗೆ ಕೊಟ್ಟ ಮಾತು ತಪ್ಪುತ್ತಿತ್ತು. 2003ರಲ್ಲಿ, ಮಾರಾಟದ ಸುಮಾರು ಕಾಲು ಭಾಗ ಕೈಬಿಟ್ಟುಹೋಗುವುದೆಂದು ತಿಳಿದೂ ಸಂಸ್ಥೆ ಆ ಪದ್ಧತಿಯನ್ನು ನಿಲ್ಲಿಸಿ ಸಂಪೂರ್ಣವಾಗಿ ಸ್ವಂತ ದಾಸ್ತಾನಿಗೆ ಬದಲಾಯಿತು.

ಇವುಗಳಿಂದ ಹೊಸಬರು ಕಲಿಯಬಹುದಾದದ್ದು ನಡುವಿನ ದಾರಿಯೊಂದನ್ನು. ಸರಬರಾಜುದಾರ ಅದೇ ಊರಿನಲ್ಲೋ ಸಮೀಪದಲ್ಲೋ ಇದ್ದರೆ, ಆರ್ಡರ್ ಬಂದ ಮೇಲೆ ಕೊಂಡು, ಪರೀಕ್ಷಿಸಿ, ಸ್ವತಃ ಕಟ್ಟಿ ಕಳುಹಿಸಬಹುದು. ಒಂದೆರಡು ದಿನ ತಡವಾಗುತ್ತದೆ, ನಿಜ. ಆದರೆ ದೋಷವಿರುವ ಮಾಲು ಗ್ರಾಹಕನ ಮನೆ ತಲುಪುವ ಮೊದಲೇ ಸಿಕ್ಕಿಬೀಳುತ್ತದೆ. ಎರಡು ಮೂರು ತಿಂಗಳ ಬಳಿಕ ಯಾವ ಸರಕು ಎಷ್ಟು ಹೋಯಿತು, ಎಷ್ಟು ಹಿಂದಿರುಗಿತು ಎಂಬ ಲೆಕ್ಕ ಕೈಯಲ್ಲಿರುತ್ತದೆ. ಚೆನ್ನಾಗಿ ಓಡುವ ನಾಲ್ಕಾರು ಸರಕುಗಳನ್ನು ಮಾತ್ರ ಒಂದು ತಿಂಗಳಿಗೆ ಸಾಕಾಗುವಷ್ಟು ಕೊಂಡಿಡಬಹುದು. ಪೀಠೋಪಕರಣದಂಥ ಭಾರದ ವಸ್ತುಗಳನ್ನು ಮತ್ತು ಅಪರೂಪಕ್ಕೆ ಮಾರಾಟವಾಗುವ ವಸ್ತುಗಳನ್ನು ನಂಬಿಕಸ್ಥ ಸರಬರಾಜುದಾರನಿಂದಲೇ ಕಳುಹಿಸುವುದು ಲೇಸು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಅಂತರ್ಜಾಲದ ವ್ಯಾಪಾರಕ್ಕೂ ಸಲ್ಲುತ್ತದೆ. ದಾಸ್ತಾನು ಎಲ್ಲೇ ಇರಲಿ, ಪೊಟ್ಟಣದ ಮೇಲಿನ ಹೆಸರು ಮಾತ್ರ ಮಳಿಗೆದಾರನದೇ.