ಗೆಲ್ಲುವವರಾರು?

ಕಾಳಗವು ಮೊದಲಾಗುವುದಕ್ಕೆ ಮುಂಚೆಯೇ ಅದರ ಫಲವನ್ನು ಹೇಳಿಬಿಡುವವರು ಎಲ್ಲ ಕಾಲದಲ್ಲಿಯೂ ಎಲ್ಲ ಊರುಗಳಲ್ಲಿಯೂ ಇದ್ದಾರೆ. ಗರಡಿಯ ಬಾಗಿಲಲ್ಲಿ ಕುಳಿತ ಮುದುಕರು ಹೇಳುತ್ತಾರೆ. ಕಾಫಿಯ ಹೋಟೆಲಿನಲ್ಲಿ ಸೇರಿದ ತರುಣರು ಹೇಳುತ್ತಾರೆ. ಹೇಳಿದ್ದು ನಿಜವಾದರೆ ಅದು ವರ್ಷಗಟ್ಟಲೆ ಜ್ಞಾಪಕದಲ್ಲಿರುತ್ತದೆ. ಸುಳ್ಳಾದರೆ ಮರುದಿನವೇ ಮರೆತುಹೋಗುತ್ತದೆ. ಇದರಲ್ಲಿ ಯಾರಿಗೂ ಕೇಡಿಲ್ಲ. ಆದರೆ ಆ ಮಾತಿನ ಮೇಲೆ ಮನೆಯ ದುಡ್ಡು ನಿಂತಿತೆಂದರೆ ಸಂಗತಿಯು ಬೇರೆಯಾಗುತ್ತದೆ. ಅಂಥ ಪ್ರಸಂಗವೊಂದು ನಮ್ಮ ಮನೆಯಲ್ಲಿಯೇ ನಡೆದುದರಿಂದ, ಈ ವಿಷಯವನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿತು.

ನಮ್ಮ ತಂಗಿಯ ಮಗನು ಕಾಲೇಜಿನ ಓದಿಗಾಗಿ ಕೆಲವು ವರ್ಷ ನಮ್ಮಲ್ಲಿದ್ದನು. ಬುದ್ಧಿವಂತ ಹುಡುಗ; ಲೆಕ್ಕದಲ್ಲಿ ಚುರುಕು. 2022ರ ನವೆಂಬರ್ 13ನೆಯ ಭಾನುವಾರ ಬೆಳಿಗ್ಗೆ ಅವನು ಸ್ನಾನವನ್ನೂ ಮರೆತು ಟಿ.ವಿ.ಯ ಮುಂದೆ ಕುಳಿತಿದ್ದನು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಆಗ ಶನಿವಾರದ ರಾತ್ರಿ. ಅಲ್ಲಿ ನಡೆಯುತ್ತಿದ್ದುದು ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂಬ ಮಿಶ್ರಕಾಳಗ. ತನ್ನ ಪರೀಕ್ಷೆಯ ಶುಲ್ಕಕ್ಕೆಂದು ಊರಿನಿಂದ ಬಂದಿದ್ದ ಹಣವನ್ನು ಅವನು ಈ ಕಾಳಗದ ಮೇಲೆ ಗೆಳೆಯರೊಡನೆ ಪಂಥಕ್ಕೆ ಒಡ್ಡಿದ್ದನೆಂಬುದು ನಮಗೆ ಆಮೇಲೆ ತಿಳಿಯಿತು.

ಈ ಕಾಳಗದ ಪರಿಚಯವಿಲ್ಲದವರಿಗಾಗಿ ಎರಡು ಮಾತು ಹೇಳಬೇಕು. ಇದರಲ್ಲಿ ಕೈಯ ಗುದ್ದು, ಕಾಲಿನ ಒದೆತ, ಮೊಣಕಾಲಿನ ತಿವಿತ, ಮಲ್ಲರ ಪಟ್ಟು, ಇವೆಲ್ಲಕ್ಕೂ ಅವಕಾಶವುಂಟು. ಇದನ್ನು ನಡೆಯಿಸುವ ಸಂಸ್ಥೆಗಳಲ್ಲಿ ಹೆಸರಾದ ಯು.ಎಫ್.ಸಿ.ಯ ಮೊದಲ ಪಂದ್ಯವು 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರಿನಲ್ಲಿ ನಡೆಯಿತು. ಎಂಟು ಮೂಲೆಯ ಅಂಗಳ, ಸುತ್ತಲೂ ಜಾಲರಿಯ ಬೇಲಿ. ಸುತ್ತೊಂದಕ್ಕೆ 5 ನಿಮಿಷ. ಪ್ರಶಸ್ತಿಯ ಕಾಳಗಕ್ಕೆ 5 ಸುತ್ತು. ನಡುವೆ ಒಂದೊಂದು ನಿಮಿಷದ ವಿಶ್ರಾಂತಿ. ಮೂವರು ತೀರ್ಪುಗಾರರು ಸುತ್ತುಸುತ್ತಿಗೂ ಅಂಕವಿಡುತ್ತಾರೆ: ಸುತ್ತನ್ನು ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ಎದುರಾಳಿಯು ಪ್ರಜ್ಞೆ ತಪ್ಪಿ ಬಿದ್ದರೆ, ಅಥವಾ ಇನ್ನು ತಡೆದುಕೊಳ್ಳಲಾರನೆಂದು ರೆಫರಿಗೆ ತೋರಿದರೆ, ಆ ಅಂಕಗಳಿಗೆ ಕೆಲಸವಿಲ್ಲ. ಕಾಳಗವು ಅಲ್ಲಿಗೇ ಮುಗಿಯಿತು. ಈ ಕೊನೆಯ ನಿಯಮವನ್ನು ವಾಚಕರು ಮನಸ್ಸಿನಲ್ಲಿಡಬೇಕು. ನಮ್ಮ ಹುಡುಗನು ಅದನ್ನು ಮರೆತಿದ್ದನು.

ಆ ರಾತ್ರಿ ಎದುರುಬದುರಾದವರು ಇಸ್ರಾಯೆಲ್ ಅಡೆಸಾನ್ಯ ಮತ್ತು ಅಲೆಕ್ಸ್ ಪೆರೇರಾ. ಇಬ್ಬರೂ ಕಿಕ್‌ಬಾಕ್ಸಿಂಗಿನಿಂದ ಬಂದವರು. ಇಬ್ಬರೂ ಹಿಡಿತದ ಜಟ್ಟಿಗಳಲ್ಲ, ಹೊಡೆತದ ಜಟ್ಟಿಗಳು. ಎತ್ತರದಲ್ಲಿ ಇಬ್ಬರೂ 6 ಅಡಿ 4 ಅಂಗುಲ. ಇಬ್ಬರದೂ 185 ಪೌಂಡಿನ ತೂಕದ ವರ್ಗ. ಅಳತೆಗೋಲಿನಿಂದ ಇವರಲ್ಲಿ ಭೇದವನ್ನು ಕಾಣುವುದು ಕಷ್ಟ. ಆದರೆ ಹೊಡೆಯುವ ಬಗೆಯಲ್ಲಿ ಮಾತ್ರ ಅಜಗಜಾಂತರ.

ಅಡೆಸಾನ್ಯನು ನೈಜೀರಿಯದ ಲಾಗೋಸಿನಲ್ಲಿ 1989ರಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದವನು. ‘ಓಂಗ್-ಬಾಕ್’ ಎಂಬ ಥಾಯಿ ಚಲಚ್ಚಿತ್ರವನ್ನು ನೋಡಿ ಕಿಕ್‌ಬಾಕ್ಸಿಂಗಿಗೆ ಮನಸೋತನಂತೆ. ನೃತ್ಯವನ್ನೂ ಬಲ್ಲವನು. ಅವನ ಕಾಳಗವೆಲ್ಲ ಅಂತರದ ಮೇಲೆ ನಿಂತಿದೆ. ಕೈಯೆತ್ತಿ ಹೊಡೆಯುವಂತೆ ತೋರಿಸಿ ಹೊಡೆಯದಿರುವನು. ಎದುರಾಳಿಯು ಬೆದರಿ ಅಲುಗಿದಾಗ ಅವನ ಗುಟ್ಟನ್ನು ತಿಳಿದುಕೊಳ್ಳುವನು. ಹಿಂದೆ ಸರಿಯುತ್ತಲೇ ಮುಂದೆ ಬಂದವನನ್ನು ಹೊಡೆಯುವನು. ಅವನ ಗೆಲುವು ಕೂಡುವ ಲೆಕ್ಕದಂತೆ, ಸ್ವಲ್ಪಸ್ವಲ್ಪವಾಗಿ ಬೆಳೆಯತಕ್ಕದ್ದು.

ಪೆರೇರಾ ಬ್ರೆಜಿಲಿನವನು, 1987ರಲ್ಲಿ ಹುಟ್ಟಿದವನು. ಚಿಕ್ಕ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು ಟೈರಿನ ಅಂಗಡಿಯಲ್ಲಿ ದುಡಿದನು. ಅಲ್ಲಿಯ ಸಹವಾಸದಿಂದ ಕುಡಿತಕ್ಕೆ ಬಿದ್ದನು. 21ನೆಯ ವಯಸ್ಸಿನಲ್ಲಿ ಆ ಚಟದಿಂದ ಬಿಡಿಸಿಕೊಳ್ಳುವುದಕ್ಕಾಗಿಯೇ ಕಿಕ್‌ಬಾಕ್ಸಿಂಗನ್ನು ಹಿಡಿದನು. ಅವನ ಬಿರುದು ‘ಪೊಆಟಾನ್’. ಬ್ರೆಜಿಲಿನ ಮೂಲನಿವಾಸಿಗಳ ತುಪಿ ಭಾಷೆಯಲ್ಲಿ ಕಲ್ಲಿನ ಕೈ ಎಂದರ್ಥ. ಅವನು ಕುಣಿಯುವುದಿಲ್ಲ. ನಿಧಾನವಾಗಿ ಮುಂದೆ ನಡೆಯುತ್ತ ಎದುರಾಳಿಯ ಮೀನಖಂಡಕ್ಕೆ ಒದೆಯುತ್ತಾನೆ. ಕಾಲು ಭಾರವಾದವನು ಸರಿದುಕೊಳ್ಳಲಾರದೆ ನಿಂತನೆಂದರೆ, ಪಕ್ಕದಿಂದ ಬಾಗಿ ಬರುವ ಎಡಗೈಯ ಗುದ್ದೊಂದು ಸಾಕು. ಅವನ ಗೆಲುವು ಕೂಡುವ ಲೆಕ್ಕವಲ್ಲ; ಅದು ಒಂದೇ ಕ್ಷಣದಲ್ಲಿ ಬರತಕ್ಕದ್ದು.

ಈ ಇಬ್ಬರು ಕಿಕ್‌ಬಾಕ್ಸಿಂಗಿನಲ್ಲಿ ಮೊದಲೇ ಎರಡು ಸಲ ಸೆಣಸಿದ್ದರು. 2016ರಲ್ಲಿ ಚೀನಾದೇಶದಲ್ಲಿ ಪೆರೇರಾ ಅಂಕಗಳಿಂದ ಗೆದ್ದನು. 2017ರಲ್ಲಿ ಬ್ರೆಜಿಲಿನ ಸಾವೊ ಪಾಲೊ ನಗರದಲ್ಲಿ ಅಡೆಸಾನ್ಯನು ಎರಡನೆಯ ಸುತ್ತಿನಲ್ಲಿ ಪೆರೇರಾನನ್ನು ತತ್ತರಿಸುವಂತೆ ಮಾಡಿದನು; ಆದರೆ ಮೂರನೆಯ ಸುತ್ತಿನಲ್ಲಿ ಆ ಎಡಗೈ ಬಂದಿತು, ಅಡೆಸಾನ್ಯನು ಪ್ರಜ್ಞೆ ತಪ್ಪಿ ಬಿದ್ದನು. ಹಾಗಿದ್ದರೂ 2022ರಲ್ಲಿ ನಮ್ಮ ಹುಡುಗನು ಅಡೆಸಾನ್ಯನನ್ನೇ ನಂಬಿದನು. “ಮಾವ, ಅದು ಬೇರೆಯ ಆಟ. ಇದರಲ್ಲಿ ಅಡೆಸಾನ್ಯ 2019ರಿಂದ ಚಾಂಪಿಯನ್, ಪೆರೇರಾ ಯು.ಎಫ್.ಸಿ.ಗೆ ಬಂದು ಒಂದು ವರ್ಷವಾಯಿತು, ಅಷ್ಟೆ” ಎಂದನು. ವಾದದಲ್ಲಿ ಹುರುಳಿತ್ತು.

ಕಾಳಗವು ಅವನು ಹೇಳಿದಂತೆಯೇ ನಡೆಯಿತು. ಮೊದಲ ಸುತ್ತಿನ ಕೊನೆಯಲ್ಲಿ ಅಡೆಸಾನ್ಯನ ಹೊಡೆತಕ್ಕೆ ಪೆರೇರಾ ತೂರಾಡಿದನು. ಗಂಟೆ ಬಾರಿಸದಿದ್ದರೆ ಅಂದೇ ಮುಗಿಯುತ್ತಿತ್ತೋ ಏನೋ. ನಾಲ್ಕು ಸುತ್ತುಗಳಾದಾಗ ಮೂವರು ತೀರ್ಪುಗಾರರ ಎಣಿಕೆಯಲ್ಲಿಯೂ ಅಡೆಸಾನ್ಯನಿಗೆ 39, ಪೆರೇರಾನಿಗೆ 37. ಆ ಎಣಿಕೆಯು ಆಗ ನೋಡುವವರಿಗೆ ತಿಳಿಯದಿದ್ದರೂ ನಮ್ಮ ಹುಡುಗನು ತನ್ನದೇ ಎಣಿಕೆ ಹಾಕಿದ್ದನು. “ಇನ್ನು ಐದು ನಿಮಿಷ ಓಡಾಡಿದರೂ ಗೆದ್ದಂತೆಯೇ. ಕಾಫಿ ತರುತ್ತೇನೆ, ಮಾವ” ಎಂದು ಎದ್ದು ಅಡಿಗೆಯ ಮನೆಗೆ ಹೋದನು. ಅವನು ಲೋಟಗಳನ್ನು ಹಿಡಿದು ಬರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಐದನೆಯ ಸುತ್ತು ಮೊದಲಾಗಿ 2 ನಿಮಿಷ 1 ಸೆಕೆಂಡಿಗೆ, ಪೆರೇರಾನ ಗುದ್ದುಗಳ ಮಳೆಗೆ ಸಿಕ್ಕಿದ ಅಡೆಸಾನ್ಯನು ಇನ್ನೂ ನಿಂತಿರುವಾಗಲೇ ರೆಫರಿಯು ನಡುವೆ ಬಂದು ಕಾಳಗವನ್ನು ನಿಲ್ಲಿಸಿದನು.

ಆ ಸಂಜೆ ಶುಲ್ಕದ ಸಂಗತಿ ಹೊರಬಿದ್ದಿತು. ನಾವು ಗದರಿಸಲಿಲ್ಲ, ಹುಡುಗನ ಮುಖವೇ ಸಾಕಷ್ಟು ಶಿಕ್ಷೆಯನ್ನು ಹೇಳುತ್ತಿತ್ತು. ಶುಲ್ಕವನ್ನು ನಾವು ಕಟ್ಟಿದೆವು, ಆದರೆ ಅದನ್ನು ಅವನ ಹೆಸರಿನಲ್ಲಿ ಸಾಲವೆಂದು ಬರೆದಿಟ್ಟೆವು. ಅವನು ಕೇಳಿದ್ದು ಒಂದೇ ಮಾತು: “ನನ್ನ ಲೆಕ್ಕದಲ್ಲಿ ತಪ್ಪೆಲ್ಲಿ, ಮಾವ?” ಲೆಕ್ಕವು ತಪ್ಪಲಿಲ್ಲ, ಲೆಕ್ಕಕ್ಕೆ ಸಿಕ್ಕದ ವಸ್ತುವನ್ನು ಅವನು ಲೆಕ್ಕಕ್ಕೆ ಹಿಡಿದಿದ್ದನು. ಅಂಕಗಳು ಕಳೆದುಹೋದ ಸುತ್ತುಗಳನ್ನು ಎಣಿಸುತ್ತವೆ. ಪೆರೇರಾನ ಎಡಗೈಗೆ ಕಳೆದುಹೋದ ಸುತ್ತುಗಳ ಗೊಡವೆಯಿಲ್ಲ. ಒಬ್ಬನ ಬಲವು ಕೂಡುತ್ತ ಹೋಗುವುದಾಗಿ, ಇನ್ನೊಬ್ಬನ ಬಲವು ಒಂದೇ ಕ್ಷಣದ್ದಾಗಿರುವಾಗ, ಮುಂದಿರುವವನು ಕೊನೆಯ ಗಂಟೆಯವರೆಗೂ ಗೆದ್ದವನಲ್ಲ.

ಐದು ತಿಂಗಳ ಬಳಿಕ, 2023ರ ಏಪ್ರಿಲ್ 8ರಂದು, ಅಮೆರಿಕದ ಮಯಾಮಿಯಲ್ಲಿ ಅವರಿಬ್ಬರೇ ಮತ್ತೆ ಸಂಧಿಸಿದರು. ಈ ಸಲ ಹುಡುಗನು ಹಣವನ್ನು ಒಡ್ಡಲಿಲ್ಲ. ಮಾತನ್ನು ಮಾತ್ರ ಒಡ್ಡಿದನು. “ಮೂರು ಸಲ ಪೆರೇರಾ ಗೆದ್ದಿದ್ದಾನೆ. ನಾಲ್ಕನೆಯದೂ ಅವನದೇ” ಎಂದನು. ಎರಡನೆಯ ಸುತ್ತಿನಲ್ಲಿ ಪೆರೇರಾ ಅಡೆಸಾನ್ಯನನ್ನು ಬೇಲಿಗೆ ಒತ್ತಿ, ಮೊಣಕಾಲಿನಿಂದಲೂ ಕೈಗಳಿಂದಲೂ ಹೊಡೆಯತೊಡಗಿದಾಗ ಹುಡುಗನು ನಮ್ಮ ಕಡೆ ತಿರುಗಿ ನಕ್ಕನು. ಆ ನಗೆ ಮುಗಿಯುವಷ್ಟರಲ್ಲಿ, ಮುಖ ಮುಚ್ಚಿಕೊಂಡು ನಿಂತಿದ್ದ ಅಡೆಸಾನ್ಯನ ಬಲಗೈ ಎರಡು ಸಲ ಬಂದಿತು. ಪೆರೇರಾ ನೆಲಕ್ಕೊರಗಿದನು. ಸುತ್ತಿನ 4 ನಿಮಿಷ 21ನೆಯ ಸೆಕೆಂಡು. ಪೆರೇರಾ ಅಂಗಳಕ್ಕೆ ಬರುವಾಗ ಬಿಲ್ಲೆಳೆದು ಬಾಣ ಬಿಡುವ ಅಭಿನಯ ಮಾಡುವುದುಂಟು. ಅಡೆಸಾನ್ಯನು ಅಂದು ಬಿದ್ದವನ ಮೇಲೆ ಅಂಥವೇ ಮೂರು ಬಾಣಗಳನ್ನು ಬಿಡುವಂತೆ ಅಭಿನಯಿಸಿ ಹಳೆಯ ಋಣವನ್ನು ತೀರಿಸಿದನು.

ಇಲ್ಲಿಯೂ ಹುಡುಗನ ವಾದವು ಮೂರ್ಖನ ವಾದವಲ್ಲ. ಆದರೆ ಅವನು ಫಲವನ್ನು ನೋಡಿದನು, ಕಾಳಗವನ್ನು ನೋಡಲಿಲ್ಲ. ಸೋತ ಕಾಳಗಗಳಲ್ಲಿಯೂ ಅಡೆಸಾನ್ಯನ ಹೊಡೆತವು ಎರಡು ಸಲ ಪೆರೇರಾನನ್ನು ಅಲುಗಿಸಿತ್ತು. ಮುಗಿಸಬೇಕೆಂದು ಮುಂದೆ ನುಗ್ಗಿದವನ ಮುಖವು ಆ ಗಳಿಗೆಯಲ್ಲಿ ತೆರೆದಿರುತ್ತದೆ. ಸೋಲಿನಿಂದ ಕಲಿತವನಿಗೆ ಅಷ್ಟು ಸಾಕು. ಮೂರು ಸೋಲುಗಳೆಂದು ನಾವು ಎಣಿಸಿದ್ದನ್ನು ಅವನು ಮೂರು ಪಾಠಗಳೆಂದು ಎಣಿಸಿದ್ದಿರಬೇಕು.

ಮೂರನೆಯ ಪ್ರಸಂಗವು ಎಲ್ಲಕ್ಕಿಂತ ವಿಚಿತ್ರ. 2023ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಅಡೆಸಾನ್ಯನಿಗೆ ಎದುರಾಗಿ ಅಮೆರಿಕದ ಶಾನ್ ಸ್ಟ್ರಿಕ್‌ಲೆಂಡ್ ನಿಂತನು. ಈ ಸ್ಟ್ರಿಕ್‌ಲೆಂಡನನ್ನು 2022ರ ಜುಲೈನಲ್ಲಿ ಪೆರೇರಾ ಮೊದಲ ಸುತ್ತಿನಲ್ಲಿಯೇ ಕೆಡವಿದ್ದನು. ಆ ಪೆರೇರಾನನ್ನು ಕೆಡವಿದವನು ಅಡೆಸಾನ್ಯ. ಇನ್ನು ಹೇಳುವುದೇನು? ನಮ್ಮ ಹುಡುಗನೊಬ್ಬನೇ ಅಲ್ಲ, ಬಲ್ಲವರೆನಿಸಿಕೊಂಡವರಲ್ಲಿ ಹೆಚ್ಚಿನವರು ಅಡೆಸಾನ್ಯನ ಕಡೆಗೇ ಇದ್ದರು. ಆದರೆ ಸ್ಟ್ರಿಕ್‌ಲೆಂಡ್ ಮೊದಲ ಸುತ್ತಿನಲ್ಲಿ ಅಡೆಸಾನ್ಯನನ್ನು ನೆಲಕ್ಕೆ ಕೆಡವಿದನು. ಉಳಿದ ಹೊತ್ತೆಲ್ಲ ನೆಟ್ಟಗೆ ನಿಂತು, ಹುಸಿಹೊಡೆತಗಳಿಗೆ ಬೆದರದೆ, ಹೆಜ್ಜೆಹೆಜ್ಜೆಯಾಗಿ ಮುಂದೆ ನಡೆದನು. ಮೂವರು ತೀರ್ಪುಗಾರರೂ ಅವನಿಗೆ 49, ಅಡೆಸಾನ್ಯನಿಗೆ 46 ಕೊಟ್ಟರು.

ಮೊದಲನೆಯವನು ಎರಡನೆಯವನನ್ನು ಗೆದ್ದನು, ಎರಡನೆಯವನು ಮೂರನೆಯವನನ್ನು ಗೆದ್ದನು, ಮೂರನೆಯವನು ಮೊದಲನೆಯವನನ್ನು ಗೆದ್ದನು. ತಕ್ಕಡಿಯಲ್ಲಿ ಇಂಥದು ನಡೆಯದು. ಆದರೆ ಕಾಳಗವು ತಕ್ಕಡಿಯಲ್ಲ. ಬಲವೆಂಬುದು ಒಬ್ಬನೊಳಗೆ ತುಂಬಿಟ್ಟ ಧಾನ್ಯದಂತಿದ್ದರೆ ಅಳೆಯಬಹುದಾಗಿತ್ತು. ಅದು ಇಬ್ಬರ ನಡುವೆ ಹುಟ್ಟುವುದು. ಹುಸಿಹೊಡೆತಕ್ಕೆ ಬೆದರುವವನ ಮುಂದೆ ಅಡೆಸಾನ್ಯನು ಮಾಂತ್ರಿಕ. ಬೆದರದವನ ಮುಂದೆ ಆ ಮಂತ್ರವು ಬರಿಯ ಮಾತು.

ಹಾಗಾದರೆ ಫಲವನ್ನು ಮುಂದಾಗಿ ಊಹಿಸುವುದೇ ವ್ಯರ್ಥವೆ? ಹಾಗೆ ನಾವು ಹೇಳುವುದಿಲ್ಲ. ಊಹಿಸುವವನು ‘ಇವರಲ್ಲಿ ದೊಡ್ಡವನಾರು’ ಎಂದು ಕೇಳಬಾರದು. ಯಾವ ಅಂತರದಲ್ಲಿ ಕಾಳಗವು ನಡೆದರೆ ಯಾರಿಗೆ ಅನುಕೂಲ, ಆ ಅಂತರವನ್ನು ನಿಲ್ಲಿಸಿಕೊಳ್ಳಬಲ್ಲವನಾರು ಎಂದು ಕೇಳಬೇಕು. 25 ನಿಮಿಷದ ಕೊನೆಯಲ್ಲಿ ಯಾರ ಕಾಲು ಉಳಿದಿರುತ್ತದೆ ಎಂದು ಕೇಳಬೇಕು. ಹಿಂದಿನ ಸೋಲಿನಿಂದ ಯಾರು ಏನನ್ನು ಕಲಿತಿರಬಹುದೆಂದು ಕೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತನ್ನ ಮಾತನ್ನು ಸುಳ್ಳುಮಾಡತಕ್ಕ ಆ ಒಂದು ಹೊಡೆತ ಯಾವುದೆಂದು ತನ್ನನ್ನೇ ಕೇಳಿಕೊಳ್ಳಬೇಕು. ಇಷ್ಟನ್ನೂ ತೂಗಿ ‘ಹತ್ತರಲ್ಲಿ ಆರು ಪಾಲು ಇವನು’ ಎಂದರೆ ಅದು ವಿವೇಕದ ಮಾತು. ಉಳಿದ ನಾಲ್ಕು ಪಾಲು ಬಂದಾಗ ಅವನು ಸುಳ್ಳುಗಾರನಾಗುವುದಿಲ್ಲ. ಅಂದಾಜು ತಪ್ಪುವುದು ದೋಷವಲ್ಲ. ಅಂದಾಜನ್ನು ನಿಶ್ಚಯವೆಂದು ತಿಳಿದು ಪರೀಕ್ಷೆಯ ಶುಲ್ಕವನ್ನು ಅದರ ಮೇಲಿಡುವುದು ದೋಷ.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾರೆವು. ಅಂಗಳದೊಳಗೆ ನಿಜವಾಗಿ ಊಹಿಸಬೇಕಾದವನು ರೆಫರಿ. ನಾವು ವಾರಗಟ್ಟಲೆ ಹರಟೆ ಹೊಡೆದು ಊಹಿಸುತ್ತೇವೆ. ಅವನು ಒಂದು ಉಸಿರಿನೊಳಗೆ, ಮುಂದಿನ ಹೊಡೆತವನ್ನು ಈ ಮನುಷ್ಯನು ತಾಳಬಲ್ಲನೆ ಎಂದು ತೀರ್ಮಾನಿಸಬೇಕು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಮೆದುಳಿಗೆ ಶಾಶ್ವತವಾದ ಹಾನಿಯಾಗಬಹುದೆಂಬುದು ವೈದ್ಯರಿಗೆಲ್ಲ ತಿಳಿದ ವಿಷಯ. ನ್ಯೂಯಾರ್ಕಿನಲ್ಲಿ ಅವನು ಕಾಳಗವನ್ನು ಬೇಗ ನಿಲ್ಲಿಸಿದನೆಂದು ನಮ್ಮ ಹುಡುಗನು ಆ ದಿನ ಗೊಣಗಿದನು. ಬಾಗಿಲಲ್ಲಿ ನಿಂತು ಕೊನೆಯ ಗಳಿಗೆಯನ್ನು ನೋಡಿದ್ದ ನಮ್ಮ ಮನೆಯವರು, “ನಿನಗೆ ಹೋದದ್ದು ದುಡ್ಡು. ಆ ಹುಡುಗನಿಗೂ ಮನೆಯಲ್ಲಿ ತಾಯಿಯಿಲ್ಲವೇನಪ್ಪ?” ಎಂದರು. ಅವನು ಸುಮ್ಮನಾದನು.

ಸಾಲವು ಈಗ ತೀರಿದೆ. ಮೊದಲ ಸಂಬಳದಲ್ಲಿಯೇ ತಂದುಕೊಟ್ಟನು. ಕಾಳಗ ನೋಡುವುದನ್ನು ಅವನು ಬಿಟ್ಟಿಲ್ಲ, ಬಿಡಬೇಕೆಂದು ನಾವೂ ಹೇಳಲಿಲ್ಲ. ಒಂದು ನೋಟುಪುಸ್ತಕವನ್ನಿಟ್ಟುಕೊಂಡು, ಕಾಳಗದ ಮುನ್ನಾದಿನ ತನ್ನ ಊಹೆಯನ್ನು ಹತ್ತರ ಪಾಲಿನಲ್ಲಿ ಬರೆಯುತ್ತಾನೆ. ಅದರ ಕೆಳಗೆ ‘ನಾನು ತಪ್ಪಿದರೆ ಹೀಗೆ ತಪ್ಪಬಹುದು’ ಎಂದು ಇನ್ನೊಂದು ಸಾಲನ್ನೂ ಬರೆಯುತ್ತಾನೆ. ಹೋದ ಸಲ ಬಂದಾಗ ಆ ಪುಸ್ತಕವನ್ನು ನಮಗೆ ತೋರಿಸಿದನು. ಊಹೆಗಳಲ್ಲಿ ಸರಿಯಾದುವೂ ಉಂಟು, ತಪ್ಪಿದುವೂ ಉಂಟು. ಆದರೆ ತಪ್ಪಿದವುಗಳಲ್ಲಿ ಹಲವು ಆ ಎರಡನೆಯ ಸಾಲಿನಲ್ಲಿ ಬರೆದಂತೆಯೇ ತಪ್ಪಿದ್ದುವು. ಇದಕ್ಕಿಂತ ಹೆಚ್ಚನ್ನು ಯಾವ ಊಹೆಗಾರನಿಂದಲೂ ಕೇಳುವಂತಿಲ್ಲವೆಂದು ನಮ್ಮ ಎಣಿಕೆ.