ಔಷಧ ದನಕ್ಕೆ, ಸಾವು ಹದ್ದಿಗೆ

ಕುಂಟುವ ಎತ್ತಿಗೂ ಕೆಚ್ಚಲು ಬಾತ ಹಸುವಿಗೂ ಡೈಕ್ಲೋಫೆನಾಕ್ ಸೂಜಿ ಹಾಕಿಸಿದರೆ ನೋವು ಬೇಗ ಇಳಿಯುತ್ತಿತ್ತು. 1990ರ ದಶಕದಲ್ಲಿ ಅದು ಅಗ್ಗವಾದಾಗ ನಮ್ಮ ರೈತರು ಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಾರಿದವನಿಗೆ ಲಾಭ, ಕೊಂಡವನಿಗೆ ನೆಮ್ಮದಿ.

ಆದರೆ ಆ ದನ ಸತ್ತು ಊರಾಚೆ ಬಿದ್ದಾಗ, ಬಂದೆರಗಿದ ರಣಹದ್ದುಗಳ ಹೊಟ್ಟೆಗೆ ಔಷಧವೂ ಸೇರಿತು. ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಒಳಾಂಗಗಳ ಮೇಲೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಟ್ಟಿಕೊಂಡು ಹಕ್ಕಿ ಕೆಲವೇ ದಿನಗಳಲ್ಲಿ ಸಾಯುತ್ತಿತ್ತು. ಕಾರಣ ಪತ್ತೆಯಾದದ್ದು 2004ರಲ್ಲಿ. 2007ರ ಎಣಿಕೆಯಲ್ಲಿ, 1992ರಲ್ಲಿದ್ದ ಬಿಳಿಬೆನ್ನಿನ ರಣಹದ್ದುಗಳ ಪೈಕಿ ಸಾವಿರಕ್ಕೆ ಒಂದು ಉಳಿದಿತ್ತು.

ಕೊಟ್ಟವನೂ ಕೊಂಡವನೂ ಅಲ್ಲದ ಮೂರನೆಯವರ ತಲೆಗೆ ಬರುವ ಇಂಥ ನಷ್ಟವನ್ನು ಅರ್ಥಶಾಸ್ತ್ರಜ್ಞರು ‘ಬಾಹ್ಯ ಪರಿಣಾಮ’ ಎನ್ನುತ್ತಾರೆ. ಔಷಧದ ಬೆಲೆಯಲ್ಲಿ ಅದಕ್ಕೆ ಒಂದು ಪೈಸೆಯ ಲೆಕ್ಕವೂ ಇರುವುದಿಲ್ಲ. ಇಲ್ಲಿ ಆ ಮೂರನೆಯವರು ಬರೀ ಹಕ್ಕಿಗಳಲ್ಲ. ತಿನ್ನುವವರಿಲ್ಲದೆ ಕಳೇಬರಗಳು ಕೊಳೆತವು, ನೀರು ಕೆಟ್ಟಿತು, ಬೀದಿನಾಯಿ ಹೆಚ್ಚಿ ರೇಬೀಸ್ ಭಯವೂ ಹೆಚ್ಚಿತು. 2000ದಿಂದ 2005ರವರೆಗೆ ಇದರಿಂದ ಭಾರತದಲ್ಲಿ ಹೆಚ್ಚುವರಿಯಾಗಿ ಸತ್ತವರು ಸುಮಾರು 5 ಲಕ್ಷ ಎಂಬುದು ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರ್ಯಾಂಕ್ ಮತ್ತು ಅನಂತ್ ಸುದರ್ಶನ್ ಅವರ ಅಂದಾಜು. ಈ ಸಂಖ್ಯೆಯನ್ನು ಓದಿ ಮುಂದಿನ ಸಾಲಿಗೆ ಹೋಗುವುದು ನನಗಂತೂ ಕಷ್ಟವಾಯಿತು.

ಹಾನಿಗೆ ತಕ್ಕಷ್ಟು ತೆರಿಗೆ ಹಾಕಿ ಎಂದರು ಆರ್ಥರ್ ಪಿಗೂ, 1920ರಲ್ಲಿ. ಹಕ್ಕು ಯಾರದೆಂದು ಸ್ಪಷ್ಟವಿದ್ದು, ಮಾತುಕತೆಗೆ ಖರ್ಚಿಲ್ಲದಿದ್ದರೆ ಹಾನಿ ಮಾಡುವವರೂ ಅನುಭವಿಸುವವರೂ ತಾವೇ ಬಗೆಹರಿಸಿಕೊಳ್ಳಬಲ್ಲರು ಎಂದರು ರೊನಾಲ್ಡ್ ಕೋಸ್, 1960ರಲ್ಲಿ. ಹದ್ದಿನ ವಿಷಯದಲ್ಲಿ ಮಾತುಕತೆಗೆ ಕೂರುವವರು ಯಾರು? ನಾಯಿ ಕಚ್ಚಿಸಿಕೊಂಡ ಮಗುವಿಗೆ, ಎಲ್ಲೋ ಎಂದೋ ಯಾವುದೋ ದನಕ್ಕೆ ಚುಚ್ಚಿದ ಸೂಜಿಯ ಸುದ್ದಿ ತಿಳಿಯುವುದಾದರೂ ಹೇಗೆ? ತೆರಿಗೆಯೂ ಸಾಲುತ್ತಿರಲಿಲ್ಲ. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ರಣಹದ್ದುಗಳ ಸಂಖ್ಯೆ ಕುಸಿಯಲು ಸಾಕು ಎಂದು ಲೆಕ್ಕ ತೋರಿಸಿತ್ತು. ಬಳಕೆ ಅರ್ಧಕ್ಕಿಳಿದರೂ ಹದ್ದು ಉಳಿಯುತ್ತಿರಲಿಲ್ಲ.

ಆದ್ದರಿಂದ ದನಗಳಿಗೆಂದು ಮಾರುವ ಡೈಕ್ಲೋಫೆನಾಕ್ ಮೇಲಿನ 2006ರ ನಿಷೇಧವೇ ಸರಿಯಾದ ಮದ್ದು. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಎಂಬ ನೋವಿನ ಔಷಧ ಆಗಲೇ ಸಿಗುತ್ತಿತ್ತು. ಆದರೂ ಮನುಷ್ಯರಿಗೆಂದು ಮಾರುತ್ತಿದ್ದ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರುತ್ತಲೇ ಇದ್ದವು. 2015ರಲ್ಲಿ ಅವನ್ನು 3 ಮಿಲಿಲೀಟರಿಗೆ ಇಳಿಸಬೇಕಾಯಿತು.

ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ನಿಮ್ಮ ದನಕ್ಕೆ ನೋವಿನ ಸೂಜಿ ಹಾಕಿಸುವಾಗ, ಅದು ಯಾವ ಔಷಧವೆಂದು ದಯವಿಟ್ಟು ಕೇಳಿ.