ಬದಲಿ ಪಾಯಿಂಟ್ ಗಾರ್ಡ್

ಬದಲಿ ಪಾಯಿಂಟ್ ಗಾರ್ಡ್ ಎಂದರೆ ಬ್ಯಾಸ್ಕೆಟ್‌ಬಾಲ್ ತಂಡದ ಮುಖ್ಯ ಪಾಯಿಂಟ್ ಗಾರ್ಡ್ ವಿಶ್ರಾಂತಿ ಪಡೆಯುವಾಗ, ಗಾಯಗೊಂಡಾಗ ಅಥವಾ ಫೌಲ್‌ಗಳ ಕಾರಣದಿಂದ ಹೊರಗುಳಿದಾಗ ಆ ಸ್ಥಾನವನ್ನು ತುಂಬುವ ಆಟಗಾರ ಅಥವಾ ಆಟಗಾರ್ತಿ. ಚೆಂಡನ್ನು ತಮ್ಮ ಅಂಕಣಾರ್ಧದಿಂದ ಎದುರಾಳಿಯ ಅರ್ಧಕ್ಕೆ ತರುವುದು, ದಾಳಿಯ ಕ್ರಮವನ್ನು ಸಹ ಆಟಗಾರರಿಗೆ ಸೂಚಿಸುವುದು, ಯಾರಿಗೆ ಯಾವ ಕ್ಷಣದಲ್ಲಿ ಪಾಸ್ ಸಲ್ಲಬೇಕೆಂದು ನಿರ್ಧರಿಸುವುದು ಪಾಯಿಂಟ್ ಗಾರ್ಡ್‌ನ ಮುಖ್ಯ ಕೆಲಸಗಳು. ಬೇರೆ ಸ್ಥಾನದಲ್ಲಿ ಆಟಗಾರ ಬದಲಾದರೆ ಬಹುಮಟ್ಟಿಗೆ ಒಬ್ಬರ ಆಟ ಬದಲಾಗುತ್ತದೆ. ಈ ಸ್ಥಾನದಲ್ಲಿ ಬದಲಾದರೆ ಉಳಿದ ನಾಲ್ವರ ಆಟವೂ ಬದಲಾಗುತ್ತದೆ. ಬದಲಿಯಾಗಿ ಬರುವವರು ತಂಡದ ಆಟದ ಪದ್ಧತಿಗೆ ಹೊಂದುವರೇ ಎಂಬ ಪ್ರಶ್ನೆಗೆ ತರಬೇತುದಾರರು ಹೆಚ್ಚು ಮಹತ್ವ ಕೊಡುವುದು ಈ ಕಾರಣಕ್ಕೆ.

ನಿಯಮಗಳ ಹಿನ್ನೆಲೆ

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ (ಫಿಬಾ) ನಿಯಮದಂತೆ ಪಂದ್ಯವು ತಲಾ 10 ನಿಮಿಷಗಳ 4 ಕ್ವಾರ್ಟರ್‌ಗಳಲ್ಲಿ ನಡೆಯುತ್ತದೆ. ಆಟಗಾರರನ್ನು ಎಷ್ಟು ಬಾರಿಯಾದರೂ ಬದಲಾಯಿಸಬಹುದು. 5 ಫೌಲ್ ಮಾಡಿದವರು ಪಂದ್ಯದಿಂದ ಹೊರಬೀಳುತ್ತಾರೆ. ಚೆಂಡು ಪಡೆದ ತಂಡವು 8 ಸೆಕೆಂಡಿನೊಳಗೆ ಮಧ್ಯರೇಖೆ ದಾಟಬೇಕು, 24 ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆಯಬೇಕು. ಬದಲಿ ಗಾರ್ಡ್ ಅಂಕಣಕ್ಕಿಳಿದೊಡನೆ ಎದುರಾಳಿಗಳು ಅಂಕಣದ ಉದ್ದಕ್ಕೂ ಒತ್ತಡ ಹೇರುವುದು ಸಾಮಾನ್ಯ ತಂತ್ರ. ಆಗ ಮೊದಲ ಪರೀಕ್ಷೆ ಅಂಕ ಗಳಿಕೆಯದಲ್ಲ, ಆ 8 ಸೆಕೆಂಡುಗಳದು.

ಪದ್ಧತಿ ಮತ್ತು ಹೊಂದಾಣಿಕೆ

ಕೆಲವು ತಂಡಗಳ ದಾಳಿ ಒಬ್ಬ ಗಾರ್ಡ್‌ನ ಕೈಯಿಂದಲೇ ಹೊರಡುತ್ತದೆ. ಇಂಥ ಆಟದ ಮುಖ್ಯ ಸಾಧನ ‘ಪಿಕ್ ಅಂಡ್ ರೋಲ್’: ಎತ್ತರದ ಆಟಗಾರನೊಬ್ಬ ಗಾರ್ಡ್‌ನ ರಕ್ಷಕನಿಗೆ ಅಡ್ಡ ನಿಲ್ಲುತ್ತಾನೆ, ಬಳಿಕ ಬುಟ್ಟಿಯತ್ತ ಸರಿಯುತ್ತಾನೆ, ತಾನೇ ನುಗ್ಗಬೇಕೇ, ಅವನಿಗೆ ಕೊಡಬೇಕೇ, ಮೂಲೆಯಲ್ಲಿ ನಿಂತವನಿಗೆ ದಾಟಿಸಬೇಕೇ ಎಂಬುದನ್ನು ಗಾರ್ಡ್ ಕ್ಷಣಾರ್ಧದಲ್ಲಿ ನಿರ್ಣಯಿಸಬೇಕು. ಇಲ್ಲಿ ಬದಲಿಯವರಿಗೂ ಅದೇ ನಿರ್ಣಯಶಕ್ತಿ ಬೇಕು. ಇನ್ನು ಕೆಲವು ತಂಡಗಳಲ್ಲಿ ಐವರೂ ಚಲಿಸುತ್ತ ಪಾಸ್ ಹಂಚಿಕೊಳ್ಳುತ್ತಾರೆ. ಅಲ್ಲಿ ಬದಲಿ ಗಾರ್ಡ್ ಸಾಧಾರಣ ಡ್ರಿಬಲ್ ಬಲ್ಲವರಾದರೂ ಸಾಕು, ಆದರೆ ಚೆಂಡನ್ನು ಹಿಡಿದು ನಿಲ್ಲಬಾರದು, ದೂರದಿಂದ ಎಸೆಯಬಲ್ಲವರಾಗಿರಬೇಕು. ಎಸೆತ ಬಾರದ ಗಾರ್ಡ್‌ನನ್ನು ರಕ್ಷಕ ಬಿಟ್ಟು ಬುಟ್ಟಿಯ ಬಳಿ ಸೇರಿಕೊಂಡರೆ ಉಳಿದವರ ದಾರಿ ಮುಚ್ಚುತ್ತದೆ.

ಸರಾಸರಿ ಅಂಕಗಳಿಂದ ಇದನ್ನು ಅಳೆಯಲಾಗದು. ಆಟಗಾರ ಅಂಕಣದಲ್ಲಿದ್ದಾಗ ತಂಡ ಗಳಿಸಿದ ಮತ್ತು ಬಿಟ್ಟುಕೊಟ್ಟ ಅಂಕಗಳ ವ್ಯತ್ಯಾಸವನ್ನು ತೋರುವ ‘ಪ್ಲಸ್-ಮೈನಸ್’ ಎಣಿಕೆ ಹೆಚ್ಚು ಹತ್ತಿರದ್ದು. ಆದರೂ ಬದಲಿ ಆಟಗಾರರು ಬಹುಪಾಲು ಎದುರಾಳಿಯ ಬದಲಿಗಳ ವಿರುದ್ಧವೇ ಆಡುವುದರಿಂದ ಕೆಲವೇ ಪಂದ್ಯಗಳ ಎಣಿಕೆಯನ್ನು ನಂಬುವಂತಿಲ್ಲ.

ಬೆಂಗಳೂರಿನಿಂದ ಟೋಕಿಯೊಗೆ

ಇದಕ್ಕೆ ಗಮನಾರ್ಹ ಉದಾಹರಣೆ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಆಡಿದ ತಂಡವೊಂದರದು. 2017ರ ಜುಲೈಯಲ್ಲಿ ಭಾರತದ ಮಹಿಳೆಯರು ಫಿಬಾ ಮಹಿಳಾ ಏಷ್ಯಾ ಕಪ್‌ನ ‘ಬಿ’ ವಿಭಾಗದ ಫೈನಲ್‌ನಲ್ಲಿ ಕಝಾಕಸ್ತಾನವನ್ನು 75–73ರಿಂದ ಮಣಿಸಿದ್ದು ಇದೇ ಅಂಕಣದಲ್ಲಿ. 2019ರ ಸೆಪ್ಟೆಂಬರ್‌ನಲ್ಲಿ ಅಲ್ಲೇ ನಡೆದ ಮಹಿಳಾ ಏಷ್ಯಾ ಕಪ್‌ನ ಫೈನಲ್‌ನಲ್ಲಿ ಜಪಾನ್ ಚೀನಾವನ್ನು 71–68ರಿಂದ ಸೋಲಿಸಿತು. ಜಪಾನಿನ ಪಾಯಿಂಟ್ ಗಾರ್ಡ್ ನಾಕೊ ಮೊತೊಹಾಶಿ ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿಯಾದರು.

2020ರ ಕೊನೆಯಲ್ಲಿ ಮೊತೊಹಾಶಿ ಅವರ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ವೇಳೆಗೆ ಅವರು ತಂಡಕ್ಕೆ ಮರಳಿದರಾದರೂ ಬದಲಿಯಾಗಿ ಆಡಿದರು. ಮುಖ್ಯ ಸ್ಥಾನದಲ್ಲಿದ್ದವರು 162 ಸೆಂ.ಮೀ. ಎತ್ತರದ ರುಯಿ ಮಾಚಿದಾ. 2016ರ ರಿಯೊದಲ್ಲಿ ಅವರೇ ಅಸಾಮಿ ಯೋಶಿದಾ ಅವರ ಹಿಂದೆ ಬದಲಿಯಾಗಿದ್ದವರು. ಫ್ರಾನ್ಸ್ ವಿರುದ್ಧದ ಸೆಮಿಫೈನಲ್‌ನಲ್ಲಿ (87–71) ಮಾಚಿದಾ 18 ಅಸಿಸ್ಟ್‌ಗಳ ಒಲಿಂಪಿಕ್ ದಾಖಲೆ ಬರೆದರು. ಜಪಾನ್ ಬೆಳ್ಳಿ ಪದಕ ಪಡೆಯಿತು.

ಎರಡೂ ಪಂದ್ಯಾವಳಿಗಳಲ್ಲಿ ತರಬೇತುದಾರರು ಟಾಮ್ ಹೊವಾಸ್. ಐವರೂ ಮೂರಂಕದ ಗೆರೆಯವರೆಗೆ ಹರಡಿಕೊಂಡು ಬಿರುಸಾಗಿ ಆಡುವ ಪದ್ಧತಿಯೂ ಅದೇ. ಗಾರ್ಡ್‌ಗಳು ಮಾತ್ರ ಒಂದೇ ಬಗೆಯವರಲ್ಲ: ಮೊತೊಹಾಶಿ ತಾವೇ ಅಂಕ ಗಳಿಸಲು ಮುನ್ನುಗ್ಗುವವರು, ಮಾಚಿದಾ ಮೊದಲಿಗೆ ಪಾಸ್ ಹುಡುಕುವವರು. ಬದಲಿಯವರು ಮುಖ್ಯ ಆಟಗಾರ್ತಿಯ ಪಡಿಯಚ್ಚಾಗಿರಬೇಕಿಲ್ಲ, ಪದ್ಧತಿ ಕೇಳುವ ವೇಗವನ್ನು ಉಳಿಸಿಕೊಂಡರೆ ಸಾಕು ಎಂಬುದಕ್ಕೆ ಈ ತಂಡವನ್ನು ಉದಾಹರಿಸಬಹುದು.

ಎನ್‌ಬಿಎ ಉದಾಹರಣೆಗಳು

2012ರಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡದ ಬೆಂಚಿನ ಕೊನೆಯಲ್ಲಿದ್ದ ಜೆರೆಮಿ ಲಿನ್, ಫೆಬ್ರುವರಿ 4ರಂದು ನ್ಯೂಜೆರ್ಸಿ ನೆಟ್ಸ್ ವಿರುದ್ಧ ಬದಲಿಯಾಗಿ ಇಳಿದು 25 ಅಂಕ, 7 ಅಸಿಸ್ಟ್ ಗಳಿಸಿದರು. ಅದಕ್ಕೆ ಕೆಲವೇ ವಾರಗಳ ಮುಂಚೆ ಎರಡು ತಂಡಗಳು ಅವರನ್ನು ಕೈಬಿಟ್ಟಿದ್ದವು. ನಿಕ್ಸ್ ಸತತ 7 ಪಂದ್ಯ ಗೆದ್ದಿತು. ತರಬೇತುದಾರ ಮೈಕ್ ಡಿ'ಆಂಟೋನಿ ಅವರ ಆಟ ಪಿಕ್ ಅಂಡ್ ರೋಲ್ ಮೇಲೆ ನಿಂತದ್ದು, ಲಿನ್ ಬಲ್ಲದ್ದೂ ಅದನ್ನೇ. ಗಾಯದಿಂದ ಹೊರಗಿದ್ದ ಕಾರ್ಮೆಲೊ ಆಂಟನಿ ಮರಳಿದಾಗ ಚೆಂಡು ಇಬ್ಬರ ನಡುವೆ ಹಂಚಿಹೋಯಿತು. ಮಾರ್ಚ್ 14ರಂದು ಡಿ'ಆಂಟೋನಿ ರಾಜೀನಾಮೆ ನೀಡಿದರು.

2011ರ ಫೈನಲ್ಸ್‌ನ ಕಥೆ ಬೇರೆ. ಮಯಾಮಿ ಹೀಟ್ ವಿರುದ್ಧ 1–2ರಿಂದ ಹಿಂದಿದ್ದ ಡಲ್ಲಾಸ್ ಮಾವೆರಿಕ್ಸ್ ತಂಡದ ತರಬೇತುದಾರ ರಿಕ್ ಕಾರ್ಲೈಲ್, ಬದಲಿ ಗಾರ್ಡ್ ಜೆ. ಜೆ. ಬರೇಯಾ ಅವರನ್ನು ನಾಲ್ಕನೇ ಪಂದ್ಯದ ಆರಂಭದಿಂದಲೇ ಇಳಿಸಿದರು. ಮುಖ್ಯ ಗಾರ್ಡ್ ಜೇಸನ್ ಕಿಡ್ ಅವರನ್ನು ತೆಗೆಯದೆ ಇಬ್ಬರನ್ನೂ ಜೊತೆಗೆ ಆಡಿಸಿದರು. ಡಲ್ಲಾಸ್ ಮುಂದಿನ ಮೂರೂ ಪಂದ್ಯ ಗೆದ್ದು ಪ್ರಶಸ್ತಿ ಪಡೆಯಿತು.

ಶಾಲಾ ಮತ್ತು ಕ್ಲಬ್ ತಂಡಗಳಲ್ಲಿ

ಶಾಲಾ, ಕಾಲೇಜು ತಂಡಗಳಲ್ಲಿ ಎರಡನೇ ಪಾಯಿಂಟ್ ಗಾರ್ಡ್ ಎನ್ನಬಹುದಾದವರು ಇಲ್ಲದಿರುವುದೇ ಹೆಚ್ಚು. ಆಗ ಶೂಟಿಂಗ್ ಗಾರ್ಡ್ ಅಥವಾ ಫಾರ್ವರ್ಡ್ ಒಬ್ಬರು ಚೆಂಡು ತರುತ್ತಾರೆ; ಕಲಿಸಿದ ದಾಳಿಕ್ರಮಗಳಲ್ಲಿ ಸರಳವಾದ ಎರಡು ಮೂರನ್ನಷ್ಟೇ ಬಳಸಲಾಗುತ್ತದೆ. ಬದಲಿಯವರನ್ನು ಅಭ್ಯಾಸದಲ್ಲಿ ಎರಡನೇ ಐವರೊಂದಿಗೆ ಮಾತ್ರ ಆಡಿಸುವ ರೂಢಿಯಿದೆ. ಇದು ಹೊಂದಾಣಿಕೆಗೆ ಅಡ್ಡಿ: ಪಂದ್ಯದ ಕೊನೆಯಲ್ಲಿ ಮುಖ್ಯ ಗಾರ್ಡ್ ಐದನೇ ಫೌಲ್ ಮಾಡಿ ಹೊರನಡೆದಾಗ, ಬದಲಿಯವರು ಮುಖ್ಯ ತಂಡದ ಉಳಿದ ನಾಲ್ವರೊಂದಿಗೆ ಆಡಬೇಕಾಗುತ್ತದೆ.